ಭವಿಷ್ಯತ್ಕಲ್ಪನೆ ಮತ್ತು ಅದರ ಹಕ್ಕುದಾರರು

1939ರಲ್ಲಿ, ಯೂರೋಪಿನ ಮೇಲೆ ಯುದ್ಧದ ಮೋಡಗಳು ದಟ್ಟೈಸುತ್ತಿದ್ದಾಗ, ನ್ಯೂಯಾರ್ಕ್ ನಗರದಲ್ಲಿ ಏರ್ಪಟ್ಟ ಜಾಗತಿಕ ವಸ್ತುಪ್ರದರ್ಶನಕ್ಕೆ ಹೋದ ಸಾಮಾನ್ಯ ಜನರು ಬಹು ಹೊತ್ತು ಸಾಲಿನಲ್ಲಿ ಕಾದು ನಿಂತು, ನೋಡಿ ಬೆರಗಾದ ಮಂಟಪವೊಂದಿತ್ತು. ಅದರ ಹೆಸರು ಫ್ಯೂಚರಾಮ. ರಂಗಸಜ್ಜಿಕೆಯ ಕೆಲಸದಲ್ಲಿ ಪಳಗಿದ್ದ ನಾರ್ಮನ್ ಬೆಲ್ ಗೆಡ್ಡಿಸ್ ಎಂಬ ವಿನ್ಯಾಸಕನು ಜನರಲ್ ಮೋಟರ್ಸ್ ಸಂಸ್ಥೆಗಾಗಿ ನಿರ್ಮಿಸಿದ ಆ ಮಂಟಪದೊಳಗೆ ಪ್ರೇಕ್ಷಕರು ಚಲಿಸುವ ಆಸನಗಳಲ್ಲಿ ಕುಳಿತು, ತಗ್ಗಿನಲ್ಲಿ ಹಾರುವ ವಿಮಾನದಿಂದ ಬಗ್ಗಿ ನೋಡುವವರಂತೆ, ಸುಮಾರು ಇಪ್ಪತ್ತು ವರ್ಷಗಳಾಚೆಯ, ಎಂದರೆ 1960ರ, ಅಮೆರಿಕವನ್ನು ನೋಡುತ್ತ ಸಾಗುತ್ತಿದ್ದರು: 5 ಲಕ್ಷ ಪುಟ್ಟ ಕಟ್ಟಡಗಳು, 10 ಲಕ್ಷ ಮರಗಳು, 50 ಸಾವಿರ ಮೋಟಾರು ಗಾಡಿಗಳು, ಎಲ್ಲಿಯೂ ತಡೆಯಿಲ್ಲದೆ ಊರಿಂದೂರಿಗೆ ಹರಿಯುವ ವಿಶಾಲವಾದ ಹೆದ್ದಾರಿಗಳು. ಪ್ರಯಾಣದ ಕೊನೆಯಲ್ಲಿ ಆಸನದಿಂದ ಇಳಿದವನು, ತಾನು ಈಗತಾನೇ ಮೇಲಿನಿಂದ ಕಂಡ ನಗರದ ಬೀದಿಗೇ, ಆಳಿನ ಅಳತೆಗೆ ತಕ್ಕಂತೆ ನಿಜವಾಗಿ ಕಟ್ಟಿದ್ದ ಕೂಡುರಸ್ತೆಗೇ, ಕಾಲಿಡುತ್ತಿದ್ದನು. ಭವಿಷ್ಯವನ್ನು ಕಂಡು ಬಂದೆನೆಂದು ಸಾರುವ ಬಿಲ್ಲೆಯೊಂದನ್ನು ಎದೆಗೆ ಚುಚ್ಚಿಕೊಂಡು ಮನೆಗೆ ಮರಳುತ್ತಿದ್ದನು.

ಪ್ರದರ್ಶನವು ಮುಗಿದ ಹದಿನಾರು ವರ್ಷಗಳ ಮೇಲೆ, 1956ರಲ್ಲಿ, ಅಮೆರಿಕದ ಸರಕಾರವು ರಾಜ್ಯದಿಂದ ರಾಜ್ಯಕ್ಕೆ ಹಬ್ಬುವ ಹೆದ್ದಾರಿಗಳ ಜಾಲವನ್ನು ನಿರ್ಮಿಸಲು ಶಾಸನವನ್ನು ಮಾಡಿತು. ಆ ಶಾಸನಕ್ಕೆ ಸೈನ್ಯದ ಅಗತ್ಯ, ಉದ್ಯಮಗಳ ಒತ್ತಾಯ, ಬೆಳೆಯುತ್ತಿದ್ದ ಮಧ್ಯಮವರ್ಗದ ಆಶೋತ್ತರ ಮೊದಲಾದ ಅನೇಕ ಕಾರಣಗಳಿದ್ದುವು. ಒಂದು ಮಂಟಪವೇ ಒಂದು ರಾಷ್ಟ್ರದ ರಸ್ತೆಗಳನ್ನು ಕಡೆಯಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ರಸ್ತೆಗಳು ಬಂದಾಗ ಜನಕ್ಕೆ ಅವು ಅಪರಿಚಿತವೆನಿಸಲಿಲ್ಲವೆಂಬುದು ನಿಶ್ಚಯ. ಅವನ್ನು ಅವರು ಮೊದಲೇ ಕಂಡಿದ್ದರು, ಮನಸ್ಸಿನಲ್ಲಿ ಆಗಲೇ ಒಪ್ಪಿಕೊಂಡಿದ್ದರು. ಆ ಮನೋಹರವಾದ ಮಾದರಿಯಲ್ಲಿ ಕಾರು ಕೊಳ್ಳಲಾರದವನ ಬದುಕು ಹೇಗೆಂಬ ಪ್ರಶ್ನೆ ಹುಟ್ಟಲು ಎಡೆಯೇ ಇರಲಿಲ್ಲ. ಸೇಂಟ್ ಪಾಲ್ ನಗರದ ರಾಂಡೊ, ಮಯಾಮಿಯ ಓವರ್‌ಟೌನ್ ಮುಂತಾದ ಕಪ್ಪು ಜನರ ಕೇರಿಗಳು ಹೆದ್ದಾರಿಯ ಕೆಳಗೆ ಒಡೆದುಹೋದಾಗ ಆ ಪ್ರಶ್ನೆಯು ತಡವಾಗಿ ಎದ್ದಿತು. ಭವಿಷ್ಯದ ಚಿತ್ರವೊಂದಕ್ಕೆ ಎಷ್ಟು ಬಲವುಂಟು, ಮತ್ತು ಆ ಬಲವು ಯಾರ ಕೈಯಲ್ಲಿರುತ್ತದೆ, ಎಂಬ ಎರಡು ವಿಚಾರಗಳನ್ನು ಬೇರ್ಪಡಿಸಿ ನೋಡುವುದು ಅಸಾಧ್ಯವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ನನಗೆ ತಿಳಿದಂತೆ ಇಲ್ಲ.

ಕಳೆದ ಅರವತ್ತು ಎಪ್ಪತ್ತು ವರ್ಷಗಳಲ್ಲಿ, ಅದರಲ್ಲಿಯೂ ಈ ಶತಮಾನದ ಮೊದಲ ಎರಡು ದಶಕಗಳಲ್ಲಿ, ಕಥೆಯನ್ನೂ ವಸ್ತುವಿನ್ಯಾಸವನ್ನೂ ಸಾಧನವಾಗಿ ಹಿಡಿದು, ಬರಬಹುದಾದ ಕಾಲಗಳನ್ನು ಬುದ್ಧಿಪೂರ್ವಕವಾಗಿ ಕಲ್ಪಿಸಿಕೊಳ್ಳುವ ಒಂದು ವಿದ್ಯೆಯು ಬೆಳೆದುಬಂದಿದೆ. ಅದರ ಒಂದು ಶಾಖೆಗೆ ಊಹಾತ್ಮಕ ವಿನ್ಯಾಸವೆಂದೂ, ಇನ್ನೊಂದಕ್ಕೆ ಸನ್ನಿವೇಶಕಥನವೆಂದೂ, ಮತ್ತೊಂದಕ್ಕೆ ಅನುಭವರೂಪದ ಭವಿಷ್ಯವೆಂದೂ ಹೆಸರಿಡಬಹುದು. ಇವುಗಳ ನಡುವಣ ಗಡಿಗಳು ಪಂಡಿತರಿಗೆ ಮುಖ್ಯವೇ ಹೊರತು ನಮಗಲ್ಲ. ಈ ವಿದ್ಯೆಯು ಏನನ್ನು ಸಾಧಿಸಿದೆ, ಎಲ್ಲಿ ಎಡವಿದೆ, ನಮ್ಮಂತಹ ದೇಶದಲ್ಲಿ ಅದಕ್ಕೆ ಯಾವ ಸ್ಥಾನವುಂಟು ಎಂಬುದನ್ನು ಒಟ್ಟಾಗಿ ನೋಡುವುದೇ ಇಲ್ಲಿಯ ಉದ್ದೇಶ.

ಮುಂದನ್ನು ಅರಿಯುವ ಹಂಬಲವು ಮನುಷ್ಯನಷ್ಟೇ ಪುರಾತನವಾದದ್ದು. ಕನ್ನಡ ನಾಡಿನಲ್ಲಿ ಕೊಡೇಕಲ್ ಬಸವಣ್ಣನ ಪರಂಪರೆಯ ಕಾಲಜ್ಞಾನ ವಾಙ್ಮಯವುಂಟು. ಅದಕ್ಕಿಂತ ಜೀವಂತವಾಗಿ ಇಂದಿಗೂ, ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ, ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ, ಲಕ್ಷಾಂತರ ಜನರು ಉಸಿರು ಬಿಗಿಹಿಡಿದು ನಿಂತಿರುವಾಗ ಕಾರಣಿಕದ ಒಂದೇ ಒಂದು ನುಡಿಯನ್ನು ಆಡಿ ಕೆಳಗೆ ಬೀಳುತ್ತಾನೆ. ಆ ನುಡಿಯು ಸಂಕ್ಷಿಪ್ತವೂ ಸಾಂಕೇತಿಕವೂ ಆಗಿರುವುದರಿಂದ, ಮಳೆಯನ್ನು ಕುರಿತದ್ದೋ, ಬೆಳೆಯನ್ನು ಕುರಿತದ್ದೋ, ರಾಜಕೀಯವನ್ನು ಕುರಿತದ್ದೋ ಎಂಬ ಜಿಜ್ಞಾಸೆಯು ಅಂದಿನಿಂದ ಬಯಲುಸೀಮೆಯ ಹಳ್ಳಿಗಳಲ್ಲಿ ಬಹು ದಿನ ನಡೆಯುತ್ತದೆ. ನನಗೆ ಮಹತ್ತ್ವದ್ದಾಗಿ ತೋರುವುದು ಆ ನುಡಿಗಿಂತ ಆ ಜಿಜ್ಞಾಸೆ. ಭವಿಷ್ಯವು ಹಲವರು ಕೂಡಿ ಕುಳಿತು ಅರ್ಥೈಸಬೇಕಾದ ವಿಷಯವೆಂಬ ತಿಳಿವಳಿಕೆ ಅಲ್ಲಿ ಅಡಗಿದೆ. ಆದರೂ ಕಾರಣಿಕಕ್ಕೂ ಕಾಲಜ್ಞಾನಕ್ಕೂ ಭವಿಷ್ಯವು ಒಂದೇ. ಅದು ಆಗಲೇ ನಿಶ್ಚಿತವಾಗಿದೆ, ನಮಗೆ ಗೋಚರವಾಗಬೇಕಾದದ್ದಷ್ಟೇ ಉಳಿದಿದೆ.

ಪ್ರವಾದಿಯ ಪೀಠವನ್ನು ಆಧುನಿಕ ಯುಗದಲ್ಲಿ ಅಂಕಿಸಂಖ್ಯೆಯು ಏರಿತು. ಸರ್ ಎಂ. ವಿಶ್ವೇಶ್ವರಯ್ಯನವರು 1934ರಲ್ಲಿ ಭಾರತಕ್ಕೊಂದು ಯೋಜಿತ ಅರ್ಥವ್ಯವಸ್ಥೆಯನ್ನು ರೂಪಿಸಿ, ಹತ್ತು ವರ್ಷಗಳಲ್ಲಿ ರಾಷ್ಟ್ರದ ವರಮಾನವನ್ನು ಇಮ್ಮಡಿಗೊಳಿಸುವ ಮಾರ್ಗವನ್ನು ಸೂಚಿಸಿದುದು, ಪರಾಧೀನವಾಗಿದ್ದ ದೇಶವೊಂದು ತನ್ನ ನಾಳೆಯನ್ನು ತಾನೇ ಲೆಕ್ಕಹಾಕಬಲ್ಲೆನೆಂದು ಧೈರ್ಯದಿಂದ ಹೇಳಿದ ಘಟನೆಯಾಗಿ ಸದಾ ಸ್ಮರಣೀಯವಾದದ್ದು. ಆದರೆ ಲೆಕ್ಕವು ತನ್ನ ಸ್ವಭಾವದಿಂದಲೇ ನಿನ್ನೆಯ ಗೆರೆಯನ್ನು ನಾಳೆಗೆ ನೀಳಮಾಡುತ್ತದೆ. ಗೆರೆಯು ತಟ್ಟನೆ ಮುರಿದುಬೀಳುವ ಸಂದರ್ಭವನ್ನು ಅದು ಕಾಣಲಾರದು. ಈ ಕೊರತೆಯನ್ನು ಮೊದಲು ಗಂಭೀರವಾಗಿ ಎದುರಿಸಿದವರು, ವಿಷಾದದ ಸಂಗತಿಯೆಂದರೆ, ಯುದ್ಧತಂತ್ರಜ್ಞರು ಮತ್ತು ತೈಲೋದ್ಯಮಿಗಳು. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಹರ್ಮನ್ ಕಾನ್ ಎಂಬಾತನು ಅಣುಯುದ್ಧವು ಹೇಗೆ ಹೇಗೆ ನಡೆಯಬಹುದೆಂಬುದನ್ನು ಕಥೆಗಳಂತೆ ಬರೆದು ಸೇನಾನಿಗಳ ಮುಂದಿಟ್ಟನು. ಷೆಲ್ ತೈಲಸಂಸ್ಥೆಯಲ್ಲಿ ಪಿಯೆರ್ ವ್ಯಾಕ್ ಮತ್ತು ಅವನ ಸಹೋದ್ಯೋಗಿಗಳು 1970ರ ದಶಕದ ಆರಂಭದಲ್ಲಿ, ಒಂದೇ ಮುನ್ಸೂಚನೆಯನ್ನು ನೆಚ್ಚುವ ಬದಲು ಪರಸ್ಪರ ವಿರುದ್ಧವಾದ ಹಲವು ಸನ್ನಿವೇಶಗಳನ್ನು ಹೆಣೆದು, ತೈಲದ ಬೆಲೆಯು ಹಠಾತ್ತಾಗಿ ಏರುವ ಕಥೆಯನ್ನೂ ಅವುಗಳಲ್ಲಿ ಸೇರಿಸಿದ್ದರು. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದು, ಪೀಪಾಯಿಯೊಂದಕ್ಕೆ ಸುಮಾರು 3 ಡಾಲರಿದ್ದ ಬೆಲೆಯು ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರಕ್ಕೆ ಜಿಗಿದಾಗ, ಆ ಸಂಸ್ಥೆಯ ಅಧಿಕಾರಿಗಳು ಆ ಸಂಗತಿಯನ್ನು ಮನಸ್ಸಿನಲ್ಲಿ ಒಮ್ಮೆ ಬದುಕಿ ಬಂದವರಾಗಿದ್ದರು. ಸನ್ನಿವೇಶಕಥನದ ಕೀರ್ತಿಯು ಹರಡಿದ್ದು ಅಲ್ಲಿಂದ.

ಆದರೆ ಅದೇ ವಿದ್ಯೆಯು ಲಾಭದ ಕೋಣೆಯಿಂದ ಹೊರಬಂದು ಒಂದು ಜನಾಂಗದ ಅಳಿವು ಉಳಿವಿನ ಪ್ರಶ್ನೆಗೆ ಒದಗಿದ ಪ್ರಸಂಗವು ಹೆಚ್ಚು ಹೃದಯಸ್ಪರ್ಶಿಯಾದದ್ದು. ನೆಲ್ಸನ್ ಮಂಡೇಲಾ ಸೆರೆಯಿಂದ ಬಿಡುಗಡೆಯಾಗಿದ್ದರೂ ದಕ್ಷಿಣ ಆಫ್ರಿಕದಲ್ಲಿ ಇನ್ನೂ ಎಲ್ಲರಿಗೂ ಮತದಾನದ ಹಕ್ಕು ಬಂದಿರಲಿಲ್ಲ. ರಕ್ತಪಾತವಾದೀತೆಂಬ ಭಯವು ಮನೆಮನೆಯಲ್ಲಿಯೂ ಇತ್ತು. ಅಂತಹ 1991 ಮತ್ತು 92ರಲ್ಲಿ, ಸ್ಟೆಲೆನ್‌ಬಾಷ್ ಪಟ್ಟಣದ ಬಳಿಯ ಮಾಂಟ್ ಫ್ಲರ್ ಎಂಬ ಸ್ಥಳದಲ್ಲಿ, ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನವರು, ಕಾರ್ಮಿಕ ಮುಖಂಡರು, ಬಿಳಿಯ ಉದ್ಯಮಿಗಳು, ಅರ್ಥಶಾಸ್ತ್ರಜ್ಞರು ಹೀಗೆ 22 ಮಂದಿ ಕೂಡಿದರು. ಷೆಲ್ ಸಂಸ್ಥೆಯಲ್ಲಿ ಪಳಗಿದ್ದ ಆಡಂ ಕಹೇನ್ ಎಂಬಾತನು ಅವರ ಗೋಷ್ಠಿಗಳನ್ನು ನಡೆಸಿಕೊಟ್ಟನು. ಏನಾಗಬೇಕೆಂದು ವಾದಿಸತೊಡಗಿದ್ದರೆ ಅವರು ಮೊದಲ ದಿನವೇ ಎದ್ದುಹೋಗುತ್ತಿದ್ದರು. ಏನಾಗಬಹುದೆಂಬುದನ್ನು ಮಾತ್ರ ಕಥೆಯಾಗಿ ಹೇಳಬೇಕೆಂಬ ನಿಯಮಕ್ಕೆ ಒಳಪಟ್ಟುದರಿಂದ ಅವರು ಉಳಿದರು. ಕೊನೆಗೆ ನಾಲ್ಕು ಕಥೆಗಳು ನಿಂತುವು. ಸಂಧಾನವನ್ನೇ ನಿರಾಕರಿಸಿ ಮರಳಿನಲ್ಲಿ ತಲೆ ಹುದುಗಿಸುವ ಸರಕಾರಕ್ಕೆ ಉಷ್ಟ್ರಪಕ್ಷಿಯ ಹೆಸರು. ಎಲ್ಲರನ್ನೂ ಮೆಚ್ಚಿಸಹೋಗಿ ಏನನ್ನೂ ಮಾಡಲಾರದ ದುರ್ಬಲವಾದ ಮಧ್ಯಂತರ ಸರಕಾರಕ್ಕೆ ಕುಂಟು ಬಾತುಕೋಳಿಯ ಹೆಸರು. ಬೊಕ್ಕಸದ ಶಕ್ತಿಯನ್ನು ಮೀರಿ ಖರ್ಚುಮಾಡಿ ಮೇಲೇರಿ ಬೀಳುವುದಕ್ಕೆ, ಗ್ರೀಕರ ಪುರಾಣದಲ್ಲಿ ಸೂರ್ಯನ ಸಮೀಪಕ್ಕೆ ಹಾರಿ ರೆಕ್ಕೆ ಕಳೆದುಕೊಂಡ ಇಕಾರಸನ ಹೆಸರು. ನಿಧಾನವಾಗಿಯಾದರೂ ಎಲ್ಲರೂ ಕೂಡಿ ಏಳುವುದಕ್ಕೆ ರಾಜಹಂಸಗಳ ಹಾರಾಟವೆಂಬ ಹೆಸರು. ಈ ಕಥೆಗಳು ಪತ್ರಿಕೆಯ ಪುರವಣಿಯಾಗಿ ಅಚ್ಚಾಗಿ, ಚಲಚ್ಚಿತ್ರವಾಗಿ ದೇಶದಲ್ಲಿ ಸಂಚರಿಸಿ, ವಿರೋಧಿಗಳಿಬ್ಬರು ಜಗಳವಾಡುವಾಗಲೂ ಬಳಸಬಹುದಾದ ಸಮಾನ ಭಾಷೆಯೊಂದನ್ನು ಕೊಟ್ಟುವು. ಗೋಷ್ಠಿಯಲ್ಲಿ ಭಾಗವಹಿಸಿದ್ದ ಟ್ರೆವರ್ ಮ್ಯಾನ್ಯುಯೆಲ್ 1996ರಲ್ಲಿ ದೇಶದ ಹಣಕಾಸಿನ ಮಂತ್ರಿಯಾದನು. ಇಕಾರಸನ ಕಥೆಯು ಆರ್ಥಿಕ ದುಡುಕನ್ನು ತಡೆಯಿತೆಂದು ಹಲವರು ಕೊಂಡಾಡುತ್ತಾರೆ. ಬಡವರಿಗೆ ತ್ವರಿತವಾಗಿ ಸಲ್ಲಬೇಕಾದದ್ದನ್ನೂ ಅದೇ ಕಥೆಯು ತಡೆಯಿತೆಂದು ಬೇರೆ ಕೆಲವರು ದೂರುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯಾಂಶವುಂಟು. ಒಂದು ಅಪಾಯವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ ಕಥೆಯು ಇನ್ನೊಂದನ್ನು ಮರೆಮಾಡಿತೆಂದರೆ ಅದು ಕಥೆಯ ಬಲವನ್ನೇ ಹೇಳಿದಂತಾಯಿತು.

ಕಥೆಯ ಈ ಬಲವನ್ನು ಸಾಹಿತಿಗಳು ಯೋಜನಾಕಾರರಿಗಿಂತ ಬಹು ಮೊದಲೇ ಬಲ್ಲವರಾಗಿದ್ದರು. 1905ರಲ್ಲಿ ಬಂಗಾಳದ ರೊಕೇಯಾ ಸಖಾವತ್ ಹುಸೇನ್ ಎಂಬ ಮಹಿಳೆಯು ಮದರಾಸಿನಿಂದ ಹೊರಡುತ್ತಿದ್ದ ಸ್ತ್ರೀಯರ ಪತ್ರಿಕೆಯೊಂದರಲ್ಲಿ ‘ಸುಲ್ತಾನಾಳ ಸ್ವಪ್ನ’ ಎಂಬ ಕಥೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದಳು. ಅಲ್ಲಿ ಗಂಡಸರು ಅಂತಃಪುರದಲ್ಲಿದ್ದಾರೆ. ಹೆಂಗಸರು ವಿಶ್ವವಿದ್ಯಾಲಯಗಳನ್ನು ನಡೆಸುತ್ತಾರೆ, ಸೂರ್ಯನ ಶಾಖವನ್ನು ಸಂಗ್ರಹಿಸಿ ಅಡಿಗೆ ಮಾಡುತ್ತಾರೆ, ಮೋಡಗಳಿಂದ ನೇರವಾಗಿ ನೀರನ್ನು ಇಳಿಸಿಕೊಳ್ಳುತ್ತಾರೆ, ಗಾಳಿಯಲ್ಲಿ ಚಲಿಸುವ ರಥಗಳಲ್ಲಿ ಓಡಾಡುತ್ತಾರೆ. ಇಂದಿನ ಕಲಾಶಾಲೆಗಳಲ್ಲಿ ಊಹಾತ್ಮಕ ವಿನ್ಯಾಸವನ್ನು ಅಭ್ಯಾಸಮಾಡುವ ತರುಣನಿಗೆ ನೂರಿಪ್ಪತ್ತು ವರ್ಷಗಳ ಹಿಂದಿನ ಈ ಪುಟ್ಟ ಕಥೆಗಿಂತ ಉತ್ತಮವಾದ ಪಾಠವು ದೊರೆಯುವುದು ದುರ್ಲಭ. ಏಕೆಂದರೆ ಲೇಖಕಿಯು ಹೊಸ ಯಂತ್ರವನ್ನು ಕಲ್ಪಿಸಿ ಅಷ್ಟಕ್ಕೆ ತೃಪ್ತಳಾಗದೆ, ಯಂತ್ರವನ್ನು ಯಾರು ನಡೆಸುವರು, ಯಾರಿಗೆ ಅದರಿಂದ ಬಿಡುವು ಸಿಕ್ಕುವುದು, ಅಡಿಗೆಮನೆಯಲ್ಲಿ ಹೊಗೆಯಿಲ್ಲವಾದರೆ ಹೆಣ್ಣಿನ ದಿನಚರಿಯು ಏನಾಗುವುದು ಎಂಬಷ್ಟು ದೂರ ಯೋಚಿಸಿದ್ದಾಳೆ.

ಇನ್ನೊಂದು ಉದಾಹರಣೆಯು ವಿಜ್ಞಾನದ ಗ್ರಂಥದೊಳಗಿನದು. ರೇಚಲ್ ಕಾರ್ಸನ್ 1962ರಲ್ಲಿ ಕೀಟನಾಶಕಗಳ ವಿಷಯವಾಗಿ ಬರೆದ ‘ಸೈಲೆಂಟ್ ಸ್ಪ್ರಿಂಗ್’ ಎಂಬ ಗ್ರಂಥವು ಪ್ರಮಾಣಗಳಿಂದಲೂ ಆಧಾರಗಳಿಂದಲೂ ತುಂಬಿದುದಾದರೂ, ಅದರ ಮೊದಲ ಅಧ್ಯಾಯವು ಒಂದು ಕಲ್ಪಿತ ಕಥೆ. ಹಕ್ಕಿಗಳ ದನಿಯಡಗಿದ, ಹೆಸರಿಲ್ಲದ ಒಂದು ಊರಿನ ವೃತ್ತಾಂತ. ಅಂತಹ ಊರು ಎಲ್ಲಿಯೂ ಇಲ್ಲವೆಂದೂ, ಆ ಊರಿಗೆ ಬಂದ ಒಂದೊಂದು ವಿಪತ್ತೂ ಎಲ್ಲಿಯಾದರೊಂದು ಕಡೆ ನಿಜವಾಗಿ ನಡೆದಿದೆಯೆಂದೂ ಆಕೆ ಮುಚ್ಚುಮರೆಯಿಲ್ಲದೆ ತಿಳಿಸಿದಳು. ಎದುರಾಳಿಗಳಿಗೆ ಕಥೆಯ ಬಲವು ಎಷ್ಟು ಮನವರಿಕೆಯಾಯಿತೆಂದರೆ, ಮಾನ್ಸಾಂಟೊ ಸಂಸ್ಥೆಯು ಅದೇ ವರ್ಷ, ಕೀಟನಾಶಕಗಳಿಲ್ಲದ ಒಂದು ವರ್ಷದಲ್ಲಿ ದೇಶವು ಹುಳುಗಳ ಪಾಲಾಗುವ ಪ್ರತಿಕಥೆಯೊಂದನ್ನು ತನ್ನ ಪತ್ರಿಕೆಯಲ್ಲಿ ಪ್ರಕಟಿಸಿತು. ಹತ್ತು ವರ್ಷಗಳ ತರುವಾಯ, 1972ರಲ್ಲಿ, ಅಮೆರಿಕವು ಡಿ.ಡಿ.ಟಿ.ಯ ಬಳಕೆಯನ್ನು ಬಹುಮಟ್ಟಿಗೆ ನಿಷೇಧಿಸಿತು. ಪ್ರಮಾಣವು ಬೆನ್ನಿಗಿಲ್ಲದಿದ್ದರೆ ಆ ಕಥೆಯು ಕೇವಲ ಭೀತಿಯಾಗುತ್ತಿತ್ತು. ಕಥೆಯು ಮುಂದೆ ನಡೆಯದಿದ್ದರೆ ಆ ಪ್ರಮಾಣಗಳನ್ನು ಓದುವವರು ತೀರ ವಿರಳವಾಗುತ್ತಿದ್ದರು.

ವಿನ್ಯಾಸಕರು ಈ ಕ್ಷೇತ್ರಕ್ಕೆ ಬಂದದ್ದು ತಡವಾಗಿ, ಆದರೆ ತಮ್ಮದೇ ಆದ ಒಂದು ಕಾಣಿಕೆಯೊಡನೆ. ಕಥೆಗಾರನು ಹೇಳುವುದನ್ನು ಅವರು ಕೈಗೆ ಕೊಡುತ್ತಾರೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಬೋಧಕರಾಗಿದ್ದ ಆಂಥೊನಿ ಡನ್ ಮತ್ತು ಫಿಯೋನಾ ರೇಬಿ ದಂಪತಿಗಳು, ವಿನ್ಯಾಸವೆಂಬುದು ಮಾರುಕಟ್ಟೆಗೆ ಬೇಕಾದ ವಸ್ತುವನ್ನು ಸುಂದರಗೊಳಿಸುವ ಸೇವೆಯಾಗಿ ಮಾತ್ರ ಉಳಿಯಬಾರದು, ನಮಗೆ ಎಂತಹ ಲೋಕವು ಬೇಕು ಎಂಬ ಚರ್ಚೆಯನ್ನು ಹುಟ್ಟಿಸುವ ವಸ್ತುಗಳನ್ನು ಸಹ ಅದು ಸೃಷ್ಟಿಸಬೇಕು ಎಂದು ದೀರ್ಘಕಾಲ ವಾದಿಸಿ, 2013ರಲ್ಲಿ ‘ಸ್ಪೆಕ್ಯುಲೇಟಿವ್ ಎವೆರಿಥಿಂಗ್’ ಎಂಬ ಗ್ರಂಥದಲ್ಲಿ ಆ ವಾದಕ್ಕೆ ಶಾಸ್ತ್ರದ ರೂಪವನ್ನು ಕೊಟ್ಟರು. ಅದೇ ವರ್ಷ ಲಂಡನ್ನಿನ ಡಿಸೈನ್ ಮ್ಯೂಸಿಯಮ್ಮಿನಲ್ಲಿ ಅವರು ಇಂಗ್ಲೆಂಡನ್ನು ನಾಲ್ಕು ಕಲ್ಪಿತ ರಾಜ್ಯಗಳಾಗಿ ವಿಭಾಗಿಸಿ, ಒಂದೊಂದು ರಾಜ್ಯದ ರಾಜಕೀಯ ಸಿದ್ಧಾಂತವನ್ನು ಅದರ ವಾಹನಗಳ ಮೂಲಕವೇ ತೋರಿಸಿದರು. ಎಲ್ಲವನ್ನೂ ಗಣಕಯಂತ್ರ ಮತ್ತು ಮಾರುಕಟ್ಟೆಗೆ ಒಪ್ಪಿಸಿದ ರಾಜ್ಯದಲ್ಲಿ, ರಸ್ತೆಯ ಮೇಲೆ ಆಕ್ರಮಿಸಿದ ಜಾಗಕ್ಕೂ ಕಳೆದ ಕಾಲಕ್ಕೂ ಕ್ಷಣಕ್ಷಣಕ್ಕೆ ದರ ಕಟ್ಟುವ ಪುಟ್ಟ ಕಾರುಗಳು. ಅಣುಶಕ್ತಿಯನ್ನು ನೆಚ್ಚಿದ ಸಮಷ್ಟಿವಾದಿಗಳ ರಾಜ್ಯದಲ್ಲಿ, ಊರನ್ನೇ ಹೊತ್ತು ನಿಧಾನವಾಗಿ ಚಲಿಸುವ 3 ಕಿಲೋಮೀಟರ್ ಉದ್ದದ ರೈಲು. ಒಂದೇ ಸಂಸ್ಥೆಯು ಒಂದೇ ಭವಿಷ್ಯವನ್ನು ಮಾರಿದ ಫ್ಯೂಚರಾಮಕ್ಕೆ, ಎಪ್ಪತ್ತನಾಲ್ಕು ವರ್ಷಗಳ ಮೇಲೆ ಸಂದ ವಿಚಾರಪೂರ್ಣ ಪ್ರತ್ಯುತ್ತರವೆಂದು ನಾನು ಇದನ್ನು ಓದುತ್ತೇನೆ.

ಇದೇ ಕಾಲೇಜಿನಲ್ಲಿ ಓದಿದ ಜೇಮ್ಸ್ ಆಗರ್ ಮತ್ತು ಜಿಮ್ಮಿ ಲೊಯಿಜೊ ಎಂಬವರು 2001ರಲ್ಲಿ ಹಲ್ಲಿನೊಳಗೆ ಕೂರಿಸಬಹುದಾದ ದೂರವಾಣಿಯೊಂದನ್ನು ಕಲ್ಪಿಸಿದರು. ಅದು ಕೆಲಸ ಮಾಡುವ ಯಂತ್ರವಾಗಿರಲಿಲ್ಲ, ಅಂತಹ ಯಂತ್ರವಿದ್ದರೆ ನಾವು ಒಪ್ಪುವೆವೇ ಎಂದು ಕೇಳುವ ಮಾದರಿಯಾಗಿತ್ತು. ಆದರೂ ಜಗತ್ತಿನ ಪತ್ರಿಕೆಗಳು ಅದನ್ನು ನಿಜವೆಂದು ವರದಿಮಾಡಿದುವು, ಟೈಮ್ ಪತ್ರಿಕೆಯು 2002ರ ಶ್ರೇಷ್ಠ ಆವಿಷ್ಕಾರಗಳ ಪಟ್ಟಿಯಲ್ಲಿ ಅದನ್ನು ಸೇರಿಸಿತು. ಕಲ್ಪನೆಯೆಂದು ಸ್ಪಷ್ಟವಾಗಿ ಸಾರದ ಕಲ್ಪನೆಯು ಚರ್ಚೆಯನ್ನು ಹುಟ್ಟಿಸುವುದಕ್ಕೆ ಬದಲಾಗಿ ನಂಬಿಕೆಯನ್ನು ಹುಟ್ಟಿಸುತ್ತದೆ. ಕಾರ್ಸನ್ ತನ್ನ ಊರು ಕಲ್ಪಿತವೆಂದು ಹೇಳಿಕೊಂಡುದರ ಬೆಲೆಯು ಇಲ್ಲಿ ತಿಳಿಯುತ್ತದೆ.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ವ್ಯಾಸಂಗಮಾಡಿ ಇಂಗ್ಲೆಂಡಿನಲ್ಲಿ ನೆಲಸಿದ ಅನಬ್ ಜೈನ್ ಅವರು ಜಾನ್ ಆರ್ಡರ್ನ್ ಅವರೊಡನೆ 2009ರಲ್ಲಿ ಸ್ಥಾಪಿಸಿದ ಸೂಪರ್‌ಫ್ಲಕ್ಸ್ ಎಂಬ ವಿನ್ಯಾಸಸಂಸ್ಥೆಯ ಕೆಲಸವು ಈ ಇಡೀ ಸಂಪ್ರದಾಯದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. 2017ರಲ್ಲಿ ಬಾರ್ಸಿಲೋನದ ಪ್ರದರ್ಶನವೊಂದಕ್ಕಾಗಿ ಅವರು 2050ನೆಯ ಇಸವಿಯ ಲಂಡನ್ ನಗರದ ಒಂದು ಸಾಮಾನ್ಯ ಮನೆಯನ್ನು ಕಟ್ಟಿದರು. ಹವಾಮಾನವು ಕೆಟ್ಟು ಆಹಾರದ ಸರಬರಾಜು ಕುಸಿದ ಆ ಕಾಲದಲ್ಲಿ, ನಡುಮನೆಯನ್ನು ಹಳೆಯ ವಿದ್ಯುತ್ ಉಪಕರಣಗಳ ಬಿಡಿಭಾಗಗಳಿಂದ ಜೋಡಿಸಿದ ಬೆಳೆಪೆಟ್ಟಿಗೆಗಳು ಆಕ್ರಮಿಸಿವೆ. ಅವುಗಳಲ್ಲಿ ಮಣ್ಣಿಲ್ಲದೆ, ಮಂಜಿನಂತಹ ತುಂತುರಿನಲ್ಲಿ ಬೇರಿಳಿಸಿ ಸೊಪ್ಪುಗಳು ಬೆಳೆಯುತ್ತಿವೆ. ಕಪಾಟಿನಲ್ಲಿ ಕೊರತೆಯ ಕಾಲದ ಪಾಕಪುಸ್ತಕಗಳಿವೆ. ಪ್ರಳಯದ ಭೀಕರ ದೃಶ್ಯವೊಂದೂ ಅಲ್ಲಿಲ್ಲ. ಅಲ್ಲಿ ಕಾಣುವುದು ಸಂಸಾರವೊಂದು ಹೊಂದಿಕೊಂಡು, ಕಲಿತು, ಬದುಕುತ್ತಿರುವ ಚಿಹ್ನೆ. ಅಂತಹ ಕೋಣೆಯಲ್ಲಿ ನಿಂತ ಮನುಷ್ಯನಿಗೆ ತನ್ನ ಮಕ್ಕಳು ಏನನ್ನು ಉಣ್ಣುವರೆಂಬ ಪ್ರಶ್ನೆಯು ಉಪನ್ಯಾಸದ ಅಗತ್ಯವಿಲ್ಲದೆ ಏಳುತ್ತದೆ. ಸಂಯುಕ್ತ ಅರಬ್ ಸಂಸ್ಥಾನಗಳ ಸರಕಾರಕ್ಕಾಗಿ ಮಾಡಿದ ಇನ್ನೊಂದು ಕೆಲಸದಲ್ಲಿ ಇದೇ ವಿನ್ಯಾಸಕರು, ತೈಲವನ್ನೇ ನೆಚ್ಚಿ ನಡೆದರೆ ಮುಂದಿನ ದಶಕಗಳಲ್ಲಿ ಗಾಳಿಯು ಎಷ್ಟು ಕೆಡುವುದೆಂಬುದನ್ನು ಲೆಕ್ಕಹಾಕಿ, ಆ ಗಾಳಿಯನ್ನೇ ಕೃತಕವಾಗಿ ತಯಾರಿಸಿ, ಮಂತ್ರಿಗಳೂ ಅಧಿಕಾರಿಗಳೂ ಮೂಸಿ ನೋಡುವಂತೆ ಮುಂದಿಟ್ಟರು. ಕೋಷ್ಟಕಗಳು ತಾರದ ಅರಿವನ್ನು ಒಂದು ಉಸಿರು ತಂದಿತೆಂದು ಅನಬ್ ಜೈನ್ ಹೇಳಿಕೊಂಡಿದ್ದಾರೆ. ಆ ದೇಶವು ಮುಂದೆ ನವೀಕರಿಸಬಹುದಾದ ಶಕ್ತಿಯ ಕಡೆಗೆ ಹಣವನ್ನು ಹರಿಸಿದುದಕ್ಕೆ ಆರ್ಥಿಕವಾದ ಕಾರಣಗಳು ಬೇರೆಯೂ ಇದ್ದುವು. ಆದರೂ ಇಂದ್ರಿಯಗಳ ಮೂಲಕ ಬುದ್ಧಿಯನ್ನು ಮುಟ್ಟುವ ಆ ಉಪಾಯವನ್ನು ಅಲ್ಲಗಳೆಯಲಾಗದು.

ಪ್ರದರ್ಶನಾಲಯದ ಹೊರಗೆ, ಸಾರ್ವಜನಿಕ ನೀತಿಯ ಹತ್ತಿರ ಈ ವಿದ್ಯೆಯನ್ನು ಕೊಂಡೊಯ್ದ ಕೀರ್ತಿಯು ಹವಾಯಿ ದ್ವೀಪಗಳಿಗೆ ಸಲ್ಲಬೇಕು. ಅಲ್ಲಿಯ ಶಾಸನಸಭೆಯು 1971ರಷ್ಟು ಹಿಂದೆಯೇ ವಿಶ್ವವಿದ್ಯಾಲಯದಲ್ಲಿ ಭವಿಷ್ಯದ ಅಧ್ಯಯನಕ್ಕೊಂದು ಕೇಂದ್ರವನ್ನು ಸ್ಥಾಪಿಸಿತ್ತು. ಆ ಕೇಂದ್ರದ ಜಿಮ್ ಡೇಟರ್ ಎಂಬ ಆಚಾರ್ಯನು, ಜನರು ಹೇಳುವ ನಾಳೆಯ ಕಥೆಗಳೆಲ್ಲವೂ ಬೆಳವಣಿಗೆ, ಕುಸಿತ, ಸಂಯಮ, ರೂಪಾಂತರ ಎಂಬ ನಾಲ್ಕು ಬಗೆಗಳೊಳಗೆ ಬರುತ್ತವೆಂದು ಬೋಧಿಸುತ್ತಿದ್ದನು. 2006ರಲ್ಲಿ, 2050ರ ಹವಾಯಿಯನ್ನು ಕುರಿತು ಸಾರ್ವಜನಿಕ ಯೋಜನೆಯೊಂದು ಆರಂಭವಾದಾಗ, ಅವನ ಶಿಷ್ಯರಾದ ಸ್ಟುವರ್ಟ್ ಕ್ಯಾಂಡಿ ಮತ್ತು ಜೇಕ್ ಡನಗನ್ ಎಂಬವರು ಈ ನಾಲ್ಕು ಬಗೆಗಳಿಗೆ ನಾಲ್ಕು ಕೋಣೆಗಳನ್ನು ಸಜ್ಜುಗೊಳಿಸಿ, ಐನೂರಕ್ಕೂ ಮೀರಿದ ನಾಗರಿಕರನ್ನು ಹಂಚಿ ಒಳಗೆ ಕಳುಹಿಸಿದರು. ಒಂದು ಕೋಣೆಯಲ್ಲಿ ರಾಜ್ಯಪಾಲರ ಚುನಾವಣೆಗೆ ಕಂಪನಿಗಳೇ ಉಮೇದುವಾರರು. ಇನ್ನೊಂದರಲ್ಲಿ ಬಂದವರೆಲ್ಲ ಹವಾಮಾನದ ನಿರಾಶ್ರಿತರು, ಅವರಿಗೆ ಪೌರತ್ವದ ವಿಧಿ. ಮತ್ತೊಂದರಲ್ಲಿ ದ್ವೀಪದ ಮಿತಿಯೊಳಗೆ ಬದುಕುವುದನ್ನು ಕಲಿಸುವ ಕಡ್ಡಾಯ ಪಾಠ. ಬಂದವರು ಪ್ರೇಕ್ಷಕರಾಗಿ ಉಳಿಯದೆ ಆ ಕಾಲದ ಪ್ರಜೆಗಳಾಗಿ ಕೆಲವು ನಿಮಿಷ ವರ್ತಿಸಬೇಕಾಯಿತು. ಅನಂತರ ನಡೆದ ಚರ್ಚೆಯು ಕಾಗದದ ಮೇಲಿನ ವರದಿಯನ್ನು ಓದಿದವರ ಚರ್ಚೆಗಿಂತ ಭಿನ್ನವಾಗಿರದೆ ಹೇಗೆ ಇದ್ದೀತು!

ಇನ್ನು ಈ ವಿದ್ಯೆಯ ಮೇಲಿನ ಆಕ್ಷೇಪಗಳು. ಅವುಗಳಲ್ಲಿ ಗಂಭೀರವಾದದ್ದು ಒಂದೇ; ಆದರೆ ಅದು ಬೇರಿಗೇ ತಾಗುವಂಥದು. ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯವು ವಿನ್ಯಾಸ ಮತ್ತು ಹಿಂಸೆಯೆಂಬ ವಿಷಯವಾಗಿ ನಡೆಸಿದ ಚರ್ಚಾಮಾಲೆಯಲ್ಲಿ, ಆಹಾರವು ವಿರಳವಾಗಿ, ಸರಕಾರವು ಕೆಲಸಕ್ಕೆ ತಕ್ಕಂತೆ ತುತ್ತನ್ನು ಅಳೆದು ಕೊಡುವ ಕಾಲವೊಂದನ್ನು ಚಿತ್ರಿಸುವ ಕೃತಿಯು 2013ರಲ್ಲಿ ಪ್ರಕಟವಾದಾಗ, ಲೂಯಿಜಾ ಪ್ರಾಡೊ ಮತ್ತು ಪೆಡ್ರೊ ಒಲಿವೇರಾ ಎಂಬ ಬ್ರೆಜಿಲ್ ಮೂಲದ ಇಬ್ಬರು ಸಂಶೋಧಕರು ಅದನ್ನೂ ಅಂತಹ ಕೃತಿಗಳ ಪರಂಪರೆಯನ್ನೂ ಖಂಡಿಸಿದರು. ಯೂರೋಪಿನ ಕಲಾಶಾಲೆಯ ಕಣ್ಣಿಗೆ ಭಯಾನಕವಾದ ನಾಳೆಯಾಗಿ ತೋರುವುದು, ಪ್ರಪಂಚದ ಬಹುಭಾಗದ ಬಡವರಿಗೆ ಇಂದು ಬೆಳಗ್ಗೆ ನಡೆದ ಸಂಗತಿಯೆಂಬುದು ಅವರ ವಾದದ ತಿರುಳು. ಈ ಮಾತನ್ನು ಭಾರತೀಯನಾದವನು ಓದಿ ಮುಂದೆ ಸಾಗುವಂತಿಲ್ಲ. ಪಡಿತರದ ಸಾಲು, ಟ್ಯಾಂಕರಿನ ನೀರಿಗಾಗಿ ಇಟ್ಟ ಕೊಡಗಳ ಸಾಲು, ಮಳೆ ಬಾರದೆ ಊರು ಬಿಟ್ಟು ಗುಳೆಹೋಗುವ ಸಂಸಾರಗಳು, ಇವು ನಮಗೆ ಊಹೆಗಳೇ? ಪಾಕಿಸ್ತಾನ ಮೂಲದ ಚಿಂತಕ ಜಿಯಾವುದ್ದೀನ್ ಸರ್ದಾರ್ ಮತ್ತು ನಮ್ಮ ಆಶಿಸ್ ನಂದಿ ಅವರು ಬಹು ಹಿಂದಿನಿಂದಲೂ ಎಚ್ಚರಿಸುತ್ತ ಬಂದಿರುವಂತೆ, ನೆಲವನ್ನು ಆಕ್ರಮಿಸಿದವರು ಕಾಲವನ್ನೂ ಆಕ್ರಮಿಸಬಲ್ಲರು. ತಮ್ಮ ಇಂದನ್ನೇ ಉಳಿದವರ ಕಡ್ಡಾಯವಾದ ನಾಳೆಯೆಂದು ಒಪ್ಪಿಸಬಲ್ಲರು.

ಈ ಆಕ್ಷೇಪಕ್ಕೆ ಪುಸ್ತಕಗಳಲ್ಲಿ ಕೊಟ್ಟ ಸಮಾಧಾನಗಳಿಗಿಂತ ಬಲವಾದ ಉತ್ತರವು ನಮ್ಮ ಬೀದರ್ ಜಿಲ್ಲೆಗೆ ಅಂಟಿಕೊಂಡಿರುವ ಜಹೀರಾಬಾದಿನ ಕಡೆಯ ಒಣನೆಲದಲ್ಲಿ ದೊರೆಯಿತು. ಅಂದಿನ ಆಂಧ್ರಪ್ರದೇಶದ ಸರಕಾರವು ಮೆಕಿನ್ಸಿ ಎಂಬ ಸಲಹಾಸಂಸ್ಥೆಯ ನೆರವಿನಿಂದ ‘ವಿಷನ್ 2020’ ಎಂಬ ನಾಳೆಯ ಚಿತ್ರವನ್ನು 1999ರಲ್ಲಿ ಪ್ರಕಟಿಸಿತ್ತು. ಬೇಸಾಯವನ್ನು ನೆಚ್ಚಿದ ಜನರ ಪ್ರಮಾಣವನ್ನು ಶೇಕಡಾ 70ರಿಂದ 40ಕ್ಕೆ ಇಳಿಸುವುದು ಅದರ ಗುರಿಗಳಲ್ಲೊಂದಾಗಿತ್ತು. ಇಳಿಯಬೇಕಾದವರನ್ನು ಯಾರೂ ಕೇಳಿರಲಿಲ್ಲ. 2001ರ ಜೂನಿನಲ್ಲಿ ಮೇದಕ್ ಜಿಲ್ಲೆಯ ಅಲ್ಗೋಲ್ ಗ್ರಾಮದಲ್ಲಿ, ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಮತ್ತು ಇತರ ಸಂಸ್ಥೆಗಳು ಸೇರಿ, ‘ಪ್ರಜಾತೀರ್ಪು’ ಎಂಬ ಹೆಸರಿನಲ್ಲಿ, ಸಣ್ಣ ರೈತರನ್ನೂ ಕೂಲಿಕಾರರನ್ನೂ ನ್ಯಾಯದರ್ಶಿಗಳಾಗಿ ಕೂರಿಸಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು. ದಲಿತರೂ ಆದಿವಾಸಿಗಳೂ ಇದ್ದರು. ಓದು ಬರಹ ಬಾರದವರು ಹಲವರು. ಆದುದರಿಂದ ಮೂರು ಭವಿಷ್ಯಗಳನ್ನು, ಎಂದರೆ ಸರಕಾರದ ಯಂತ್ರಪ್ರಧಾನವಾದ ಬೇಸಾಯವನ್ನು, ರಫ್ತಿಗಾಗಿ ನಡೆಸುವ ಸಾವಯವ ಬೇಸಾಯವನ್ನು, ಊರಿನಲ್ಲಿ ಬೆಳೆದದ್ದನ್ನು ಊರಿನವರೇ ಉಣ್ಣುವ ಸ್ವಾವಲಂಬನೆಯ ಬೇಸಾಯವನ್ನು, ಮೂರು ಚಲಚ್ಚಿತ್ರಗಳಾಗಿ ಅವರಿಗೆ ತೋರಿಸಲಾಯಿತು. ಸರಕಾರದವರೂ ಬೀಜದ ಕಂಪನಿಯವರೂ ವಿಜ್ಞಾನಿಗಳೂ ಬಂದು ಸಾಕ್ಷ್ಯ ನುಡಿದರು. ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರೊಬ್ಬರ ಅಧ್ಯಕ್ಷತೆಯಲ್ಲಿ ಮೇಲ್ವಿಚಾರಣೆಯ ಸಮಿತಿಯಿತ್ತು. ಮೂರರಲ್ಲೊಂದನ್ನು ಆರಿಸಿಕೊಳ್ಳಲೇಬೇಕೆಂಬ ನಿರ್ಬಂಧವಿರಲಿಲ್ಲ; ಬೇಕಾದರೆ ತಮ್ಮದೇ ನಾಳೆಯನ್ನು ಹೇಳಬಹುದಾಗಿತ್ತು. ಅವರು ಅದನ್ನೇ ಮಾಡಿದರು. ಕುಲಾಂತರಿ ಬೆಳೆಗಳು ಬೇಡ, ಕೆಲಸ ಕಸಿಯುವ ಯಂತ್ರಗಳು ಬೇಡ, ಕಂಪನಿಗಳೊಡನೆ ಗುತ್ತಿಗೆಯ ಬೇಸಾಯ ಬೇಡ, 70ನ್ನು 40ಕ್ಕೆ ಇಳಿಸುವುದು ಬೇಡ. ತಮ್ಮ ಬೀಜ, ತಮ್ಮ ಮಣ್ಣಿನ ಸಾರ, ತಮ್ಮ ಊರಿನ ಮಾರುಕಟ್ಟೆ ತಮ್ಮ ವಶದಲ್ಲಿರಬೇಕು ಎಂದರು. ಆಂಧ್ರಕ್ಕೆ ನೆರವು ನೀಡುತ್ತಿದ್ದ ಬ್ರಿಟಿಷ್ ಸರಕಾರದ ಇಲಾಖೆಯು ಈ ತೀರ್ಪಿನ ವಿಧಾನವನ್ನು ಪ್ರಶ್ನಿಸಿ ದೊಡ್ಡ ವಿವಾದವನ್ನು ಎಬ್ಬಿಸಿತು. ಪಕ್ಷಪಾತವಿಲ್ಲದೆ ಚಿತ್ರಗಳನ್ನು ಸಿದ್ಧಪಡಿಸುವುದು ಕಠಿನವೆಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದೇ ಕಟ್ಟುನಿಟ್ಟನ್ನು ಮೆಕಿನ್ಸಿಯ ಚಿತ್ರಕ್ಕೆ ಅನ್ವಯಿಸಿದ್ದರೆ ಅದರ ಗತಿಯು ಏನಾಗುತ್ತಿತ್ತು? ಇದಕ್ಕೆ ಒಂದು ವರ್ಷ ಮುಂಚೆ, 2000ದಲ್ಲಿ, ಚಿತ್ರದುರ್ಗದ ಸೀಮೆಯ 14 ಮಂದಿ ಸಣ್ಣ ರೈತರು ಇಂತಹುದೇ ಒಂದು ಪಂಚಾಯಿತಿಯಲ್ಲಿ ಕುಳಿತು, ಹೊಸ ಕುಲಾಂತರಿ ಬೀಜಗಳನ್ನು ತಮ್ಮ ಹೊಲಗಳಲ್ಲಿ ಬಿತ್ತುವುದಿಲ್ಲವೆಂದು ಬಹುಮತದಿಂದ ತೀರ್ಮಾನಿಸಿದ್ದರು. ಅವರ ತೀರ್ಮಾನವನ್ನು ನಾವು ಒಪ್ಪಬಹುದು, ಒಪ್ಪದಿರಬಹುದು. ತಮ್ಮ ನಾಳೆಯನ್ನು ತಾವೇ ನೋಡಿ, ಪ್ರಶ್ನಿಸಿ, ಮತವಿತ್ತ ಆ ಘನತೆಯನ್ನು ಮಾತ್ರ ಗೌರವಿಸದೆ ಇರಲಾಗದು.

ಕರ್ನಾಟಕದಲ್ಲಿ ಈ ದಾರಿಯು ಮುಂದುವರಿಯಲಿಲ್ಲವೆಂಬುದು ನನ್ನ ಖೇದ. 2017ರಲ್ಲಿ ಬೆಂಗಳೂರಿನ 2031ರ ಮಹಾಯೋಜನೆಯ ಕರಡು ಪ್ರಕಟವಾದಾಗ, ನಗರದ ಜನಸಂಖ್ಯೆಯು ಅಷ್ಟು ಹೊತ್ತಿಗೆ 2 ಕೋಟಿಯನ್ನು ಮೀರುವುದೆಂದು ಅದರಲ್ಲಿ ಹೇಳಿತ್ತು. ನಕ್ಷೆಗಳಿದ್ದುವು, ಬಣ್ಣಬಣ್ಣದ ವಲಯಗಳಿದ್ದುವು, ಆಕ್ಷೇಪಣೆ ಸಲ್ಲಿಸಲು ನಾಗರಿಕರಿಗೆ ಅವಧಿಯೂ ಇತ್ತು. ನಕ್ಷೆಯನ್ನು ಓದಬಲ್ಲವರು ಆಕ್ಷೇಪಿಸಿದರು. ಉಳಿದವರಿಗೆ ಅದು ತಮ್ಮ ಬದುಕಿನ ವಿಷಯವೆಂದೇ ತಿಳಿಯಲಿಲ್ಲ. ಮುಂದೆ ಆ ಕರಡನ್ನೇ ಹಿಂದೆಗೆದುಕೊಳ್ಳಲಾಯಿತು. ಮುಂದಿನ ಯೋಜನೆಯ ಕಾಲಕ್ಕಾದರೂ, ನಕ್ಷೆಯು ಅಚ್ಚಾಗುವುದಕ್ಕೆ ಮೊದಲು, ವಾರ್ಡಿಗೊಂದರಂತೆ ಶಾಲೆಯ ಕೊಠಡಿಗಳಲ್ಲಿ ಆ ವಾರ್ಡಿನ ಎರಡು ಮೂರು ನಾಳೆಗಳನ್ನು ಕಟ್ಟಿ ತೋರಿಸಬಾರದೇಕೆ? ಇದಕ್ಕೆ ಬೇಕಾದ ವಿನ್ಯಾಸಕರು ಬೆಂಗಳೂರಿನ ಶಾಲೆಗಳಿಂದ ವರ್ಷವರ್ಷವೂ ಹೊರಬರುತ್ತಿದ್ದಾರೆ. ರಂಗಸಜ್ಜಿಕೆ ಬಲ್ಲವರಿಗೂ ಕಥೆ ಕಟ್ಟುವವರಿಗೂ ನಮ್ಮಲ್ಲಿ ಬರವಿಲ್ಲ. ಮನೆಯ ಬಾಡಿಗೆಯ ಚೀಟಿ, ಕಾವೇರಿಯ ನೀರು ಬರುವ ದಿನಗಳ ಪಟ್ಟಿ, ಬಸ್ಸಿನ ಟಿಕೆಟ್ಟು, ಕೆರೆಯಂಗಳದಲ್ಲಿ ಎದ್ದ ಅಥವಾ ಏಳದ ಕಟ್ಟಡದ ಚಿತ್ರ, ಮಾರುಕಟ್ಟೆಯಲ್ಲಿ ಸೊಪ್ಪಿನ ಬೆಲೆ, ಇಷ್ಟನ್ನು 2050ರ ತಾರೀಖು ಹಾಕಿ ಮೇಜಿನ ಮೇಲಿಟ್ಟರೆ ಮೊದಲ ದಿನದ ಚರ್ಚೆಗೆ ಸಾಕು. ಆ ಕೊಠಡಿಗಳನ್ನು ಸಜ್ಜುಗೊಳಿಸುವಾಗ ಪೌರಕಾರ್ಮಿಕರು, ಗಾರ್ಮೆಂಟ್ಸಿನ ಹೆಂಗಸರು, ಕಲ್ಯಾಣ ಕರ್ನಾಟಕದಿಂದ ದುಡಿಮೆಗೆ ಬಂದು ಶೆಡ್ಡುಗಳಲ್ಲಿರುವ ಕಟ್ಟಡಕಾರ್ಮಿಕರು ನೋಡುವವರ ಸಾಲಿನಲ್ಲಿ ಮಾತ್ರವಲ್ಲದೆ ಕಟ್ಟುವವರ ಸಾಲಿನಲ್ಲಿಯೂ ಇರಬೇಕು, ಅವರ ಆ ದಿನದ ಕೂಲಿಯನ್ನು ಯೋಜನೆಯ ವೆಚ್ಚದಲ್ಲಿಯೇ ಸೇರಿಸಬೇಕು, ಅವರು ಕಟ್ಟಿದ ನಾಳೆಯನ್ನು ಯೋಜನೆಯನ್ನು ರೂಪಿಸುವ ಪ್ರಾಧಿಕಾರವು ಆಕ್ಷೇಪಣೆಗಳ ಕಡತದಲ್ಲಿ ಸೇರಿಸದೆ ಕರಡಿನ ಅಂಗವಾಗಿಯೇ ಪ್ರಕಟಿಸಬೇಕು.